ರಾಕೆಟ್ ಕುಗ್ಗಿದರೆ ಒಳಗಿದ್ದವರ ಗತಿ?

ಓದುಗರೊಬ್ಬರ ಪತ್ರ: "ಅತಿವೇಗದಲ್ಲಿ ಹೋಗುವ ರಾಕೆಟ್‌ನ ಉದ್ದ ಕುಗ್ಗುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಒಳಗಿದ್ದವರು ಅಪ್ಪಚ್ಚಿ ಆಗುವುದಿಲ್ಲವೇ? ಅಥವಾ ಅದು ಸುಮ್ನೆ ಕಣ್ಣಿಗೆ ಹಾಗೆ ಕಾಣುವುದೇ?"

ಸಂಪಾದಕರ ಉತ್ತರ: ಒಳಗಿದ್ದವರಿಗೆ ಏನೂ ಆಗುವುದಿಲ್ಲ. ಅವರು ಅಳೆದರೆ 100 ಮೀಟರ್ ರಾಕೆಟ್ 100 ಮೀಟರೇ. ಅದು ಬೆಳಕಿನ ವೇಗದ ಶೇ 60ರಲ್ಲಿ ಹೋಗುತ್ತಿದ್ದರೆ, ಹೊರಗೆ ನಿಂತ ನಮ್ಮ ಅಳತೆಗೆ 80 ಮೀಟರ್. ಶೇ 80ರಲ್ಲಾದರೆ 60 ಮೀಟರ್. ಅಗಲ, ಎತ್ತರ ಹಾಗೇ ಇರುತ್ತವೆ.

ನಿಮ್ಮ ಅನುಮಾನ ಹಳೆಯದು. 1889ರಲ್ಲಿ ಭೌತವಿಜ್ಞಾನಿ ಫಿಟ್ಜ್‌ಜೆರಾಲ್ಡ್, 1892ರಲ್ಲಿ ಲೊರೆಂಟ್ಜ್ ಈ ಕುಗ್ಗುವಿಕೆಯನ್ನು ಸೂಚಿಸಿದಾಗ, ಈಥರ್‌ನಲ್ಲಿ (ಬೆಳಕು ಸಾಗಲು ಜಾಗವನ್ನೆಲ್ಲ ತುಂಬಿಕೊಂಡಿದೆ ಎಂದು ಆಗ ನಂಬಿದ್ದ ಮಾಧ್ಯಮ) ಸಾಗುವ ವಸ್ತುವನ್ನು ಏನೋ ಒತ್ತುತ್ತದೆ ಎಂದೇ ಭಾವಿಸಿದ್ದರು. 1905ರಲ್ಲಿ ಐನ್‌ಸ್ಟೈನ್ ಆ ಒತ್ತಡವನ್ನೇ ಕೈಬಿಟ್ಟರು.

ಓಡುತ್ತಿರುವ ವಸ್ತುವನ್ನು ಅಳೆಯುವುದು ಹೇಗೆ ಹೇಳಿ? ಮೂತಿ ಎಲ್ಲಿದೆ, ಬಾಲ ಎಲ್ಲಿದೆ ಎಂದು ಒಂದೇ ಕ್ಷಣದಲ್ಲಿ ನೆಲದ ಮೇಲೆ ಗುರುತು ಹಾಕಬೇಕು. ಮೂತಿಗೆ ಈಗ, ಬಾಲಕ್ಕೆ ಆಮೇಲೆ ಅಂದರೆ ಅದು ಅಳತೆಯೇ ಅಲ್ಲ, ಅಲ್ವಾ? ತೊಡಕಿರುವುದು ಇಲ್ಲೇ. ನಮಗೆ ಒಂದೇ ಕ್ಷಣವಾದದ್ದು ರಾಕೆಟ್‌ನವರಿಗೆ ಒಂದೇ ಕ್ಷಣವಲ್ಲ. ಅವರ ತಕರಾರು ಹೀಗಿರುತ್ತದೆ: "ನೀವು ಮೂತಿಯನ್ನು ಮೊದಲು ಗುರುತಿಸಿದಿರಿ, ಬಾಲವನ್ನು ತಡವಾಗಿ. ಅಷ್ಟರಲ್ಲಿ ನಿಮ್ಮ ನೆಲ ಹಿಂದಕ್ಕೆ ಓಡಿತ್ತು, ಮೂತಿಯ ಗುರುತು ಬಾಲದ ಹತ್ತಿರ ಬಂದಿತ್ತು. ಅಳತೆ ಕಡಿಮೆ ಬಾರದೆ ಇನ್ನೇನು?" ಅವರ ಮಾತೂ ಸರಿ, ನಮ್ಮ 80 ಮೀಟರೂ ಸರಿ. ಹಾಗೆಯೇ ಅವರು ನಮ್ಮನ್ನು ಅಳೆದರೆ ಕುಗ್ಗಿದವರು ನಾವು!

ಇನ್ನು ಕಣ್ಣಿಗೆ ಕಾಣುವ ವಿಷಯ. ಅದು ಬೇರೆಯೇ ಕಥೆ, ನನಗಂತೂ ಇದೇ ಜಾಸ್ತಿ ಇಷ್ಟ. ದೂರದ ಭಾಗದಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಹೆಚ್ಚು ಹೊತ್ತು ಬೇಕು. ಹಾಗಾಗಿ ಒಂದೇ ಫೋಟೋದಲ್ಲಿ ವಸ್ತುವಿನ ಬೇರೆ ಬೇರೆ ಹೊತ್ತಿನ ಭಾಗಗಳು ಸೇರಿಕೊಳ್ಳುತ್ತವೆ. ವೇಗವಾಗಿ ಹೋಗುವ ಚೆಂಡಿನ ಅಂಚು ಫೋಟೋದಲ್ಲಿ ದುಂಡಗೇ ಕಾಣುತ್ತದೆ ಎಂದು 1959ರಲ್ಲಿ ಪೆನ್‌ರೋಸ್ ತೋರಿಸಿದರು. ಅದೇ ವರ್ಷ ಟೆರೆಲ್, ದೂರದ ವಸ್ತು ಕುಗ್ಗಿದಂತಲ್ಲ, ತಿರುಗಿದಂತೆ ಕಾಣುತ್ತದೆ ಎಂದರು. ಅಂದರೆ ಕುಗ್ಗುವುದು ಅಳತೆಯಲ್ಲಿ, ನೋಟದಲ್ಲಲ್ಲ.

ಪುರಾವೆ ಬೇಕೆಂದರೆ ಮ್ಯೂಆನ್ ಕಣಗಳನ್ನು (ಎಲೆಕ್ಟ್ರಾನಿನಂಥವೇ, ಆದರೆ ಹೆಚ್ಚು ಭಾರ) ನೋಡಿ. ಇವು ವಾತಾವರಣದಲ್ಲಿ ಸುಮಾರು 10 ಕಿ.ಮೀ. ಮೇಲೆ ಹುಟ್ಟುತ್ತವೆ. ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ 660 ಮೀಟರ್ ದಾಟೀತು. ಆದರೂ ಬಹಳಷ್ಟು ಮ್ಯೂಆನ್‌ಗಳು ನೆಲ ಮುಟ್ಟುತ್ತವೆ. ಅವುಗಳ ಆಯುಸ್ಸು ಹಿಗ್ಗಿದೆ ಎಂಬುದು ನಮ್ಮ ಲೆಕ್ಕ. ಬೆಳಕಿನ ವೇಗದ ಶೇ 99.8ರಲ್ಲಿ ಬರುವ ಮ್ಯೂಆನ್‌ನ ಲೆಕ್ಕದಲ್ಲಿ ಆಯುಸ್ಸು ಇದ್ದಷ್ಟೇ, ಆದರೆ ಆ 10 ಕಿ.ಮೀ. ಗಾಳಿ ಸುಮಾರು 630 ಮೀಟರಿಗೆ ಇಳಿದಿದೆ.