ಶರತ್ಕಾಲದ ಊಟದ ಮೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಜೆಯ ಸಂಜೆ ಕೆಲವು ಸ್ನೇಹಿತರನ್ನು ಮನೆಗೆ ಊಟಕ್ಕೆ ಕರೆದಿದ್ದೇನೆ. ಶಿಷ್ಟಾಚಾರದ ಔತಣವಲ್ಲ, ಆತ್ಮೀಯರು ಹರಟುತ್ತಾ ಉಣ್ಣುವ ಸಂದರ್ಭ. ಮೇಜಿನ ಮೇಲೆ ಶರತ್ಕಾಲದ ಕಳೆ ಕಾಣಬೇಕೆಂಬ ಆಸೆಯಿಂದ ಎಲೆ, ಹೂವು, ಮೇಣದಬತ್ತಿ, ಪುಟ್ಟ ಕುಂಬಳಕಾಯಿಗಳನ್ನೆಲ್ಲ ಕೂಡಿಹಾಕಿದ್ದೇನೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಕೂಡಿಹಾಕಿದ್ದನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಖಾಲಿ ತಟ್ಟೆಗಳಿಂದ ಆರಂಭಿಸಿ. ಅಲಂಕಾರ ಮುಗಿಸಿ ಆಮೇಲೆ ತಟ್ಟೆಗಳಿಗೆ ಜಾಗ ಹುಡುಕುವವರೇ ಹೆಚ್ಚು. ಹಾಗೆ ಮಾಡಿದರೆ ಬಡಿಸುವ ಹೊತ್ತಿಗೆ ಹೂದಾನಿ ಕಪಾಟಿನ ಮೇಲೇರುತ್ತದೆ, ಜೋಡಿಸಿದ ಎಲೆಗಳು ಬಿಸಿ ಪಾತ್ರೆಯ ಅಡಿಯಲ್ಲಿ ನಲುಗುತ್ತವೆ. ಅಕ್ಕಪಕ್ಕದವರ ಮೊಣಕೈ ತಾಗದಂತೆ ಒಬ್ಬರು ಕುಳಿತು ಉಣ್ಣಲು ಸುಮಾರು 60 ಸೆಂಟಿಮೀಟರ್ ಅಗಲ ಬೇಕು. ತಟ್ಟೆ ಮತ್ತು ಲೋಟ ಸೇರಿ ಮೇಜಿನ ಅಂಚಿನಿಂದ ಒಳಕ್ಕೆ 35ರಿಂದ 40 ಸೆಂಟಿಮೀಟರ್ ಜಾಗವನ್ನು ತೆಗೆದುಕೊಳ್ಳುತ್ತವೆ. ಮೇಜಿನ ಅಗಲ 90 ಸೆಂಟಿಮೀಟರ್ ಇದ್ದರೆ, ಎದುರುಬದುರಾಗಿ ತಟ್ಟೆಗಳನ್ನಿಟ್ಟ ಮೇಲೆ ನಡುವೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ. ನಿಮ್ಮ ಅಲಂಕಾರಕ್ಕೆ ಇರುವ ಜಾಗ ಅಷ್ಟೇ ಎಂಬುದು ಮೊದಲೇ ಕಣ್ಣಿಗೆ ಕಂಡರೆ, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಬಹುಪಾಲು ತಾನಾಗಿಯೇ ತೀರುತ್ತದೆ. ಬಡಿಸುವ ಪಾತ್ರೆಗಳು ಅದೇ ಮೇಜಿನ ಮೇಲೆ ಬರಬೇಕೋ ಅಥವಾ ಪಕ್ಕದ ಪುಟ್ಟ ಮೇಜಿನ ಮೇಲಿರಬೇಕೋ ಎಂಬುದನ್ನೂ ಈಗಲೇ ನಿರ್ಧರಿಸಿ. ಅವು ಇಲ್ಲಿಯೇ ಬರುವುದಾದರೆ ಖಾಲಿ ಪಾತ್ರೆಗಳನ್ನು ತಂದು ಅವುಗಳ ಸ್ಥಾನದಲ್ಲಿಟ್ಟು, ಉಳಿದ ಎಡೆಗಳಲ್ಲಿ ಮಾತ್ರ ಅಲಂಕರಿಸಿ.

ಆ ನಡುವಿನ ಪಟ್ಟಿಯಲ್ಲಿ ಉದ್ದಕ್ಕೆ ಒಂದು ರನ್ನರ್, ಅಂದರೆ ಕಿರಿದಾದ ಉದ್ದನೆಯ ಬಟ್ಟೆ ಹಾಸಿ, ಅದರ ಮೇಲೆ ಎಲೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹರಡಿ, ಎರಡು ಮೂರು ಕಡೆ ಮಾತ್ರ ಕಾಯಿ ಅಥವಾ ಹೂವಿನ ಗುಂಪು ಎದ್ದು ಕಾಣುವಂತೆ ಜೋಡಿಸಿ. ಸಮಾನ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ ವಸ್ತುಗಳು ಅಂಗಡಿಯ ಕಪಾಟನ್ನು ನೆನಪಿಸುತ್ತವೆ; ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಇದ್ದರೆ ನೋಟಕ್ಕೆ ಸಹಜತೆ ಬರುತ್ತದೆ. ಎತ್ತರದ ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕುಳಿತು ಮೊಣಕೈಯನ್ನು ಮೇಜಿನ ಮೇಲೂರಿ ಮುಂಗೈಯನ್ನು ನೆಟ್ಟಗೆ ಎತ್ತಿ ಹಿಡಿಯಿರಿ. ಮಣಿಕಟ್ಟಿನ ಮಟ್ಟ, ಅಂದರೆ ಸುಮಾರು 30 ಸೆಂಟಿಮೀಟರ್ ದಾಟಿದ ದಟ್ಟವಾದ ಹೂಗುಚ್ಛ ಎದುರಿನವರ ಮುಖವನ್ನು ಮರೆಮಾಡಲು ಆರಂಭಿಸುತ್ತದೆ. ಮಾತನಾಡಲೆಂದೇ ಬಂದವರು ಊಟದುದ್ದಕ್ಕೂ ಕತ್ತು ವಾಲಿಸಿ ಕೂರಬೇಕಾಗಿ ಬಂದರೆ, ಹೂವು ಎಷ್ಟೇ ಸುಂದರವಾಗಿದ್ದರೂ ಅದರ ಜಾಗ ಅದಲ್ಲ. ಎಲೆಯುದುರಿದ ತೆಳುವಾದ ಕೊಂಬೆಗಳಿಗೆ ಈ ಕಟ್ಟುನಿಟ್ಟು ಬೇಡ, ಏಕೆಂದರೆ ಅವುಗಳ ನಡುವಿನಿಂದ ನೋಟ ಹಾಯುತ್ತದೆ.

ಪ್ರಶ್ನೆ: ಬಣ್ಣ ತಿರುಗಿದ ಎಲೆಗಳನ್ನು ಆರಿಸಿ ತಂದರೆ ಎರಡೇ ದಿನಗಳಲ್ಲಿ ಸುರುಳಿಗಟ್ಟಿ, ಮುಟ್ಟಿದರೆ ಪುಡಿಯಾಗುತ್ತವೆ. ಅವುಗಳನ್ನು ಉಳಿಸಿಕೊಳ್ಳುವ ದಾರಿ ಇದೆಯೇ?

ಉತ್ತರ: ಖಂಡಿತ ಇದೆ. ಎಲೆಯ ಒಂದು ಭಾಗ ಬೇಗನೆ, ಇನ್ನೊಂದು ಭಾಗ ನಿಧಾನವಾಗಿ ಒಣಗುವುದರಿಂದ ಅದು ಸುರುಳಿಗಟ್ಟುತ್ತದೆ. ಆದ್ದರಿಂದ ಒಣಗುವಷ್ಟು ಕಾಲ ಅದನ್ನು ಚಪ್ಪಟೆಯಾಗಿ ಹಿಡಿದಿಡುವುದೇ ಎಲ್ಲಕ್ಕಿಂತ ಸರಳವಾದ ಉಪಾಯ. ಹೊರಗಿನ ತೇವವನ್ನು ಒರೆಸಿ, ಹೊಳಪಿಲ್ಲದ, ತೇವ ಹೀರುವ ಕಾಗದಗಳ ನಡುವೆ ಒಂದಕ್ಕೊಂದು ತಾಗದಂತೆ ಎಲೆಗಳನ್ನು ಹರಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದೆರಡು ವಾರ ಬಿಡಿ. ಮೊದಲ ಕೆಲವು ದಿನಗಳಲ್ಲಿ ಕಾಗದವನ್ನು ಬದಲಾಯಿಸುವುದನ್ನು ಮರೆಯಬೇಡಿ. ಒದ್ದೆ ಕಾಗದದಲ್ಲೇ ಉಳಿದ ಎಲೆಗೆ ಬೂಷ್ಟು ಹಿಡಿಯುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಎಲೆಯನ್ನು ಎರಡು ಮೇಣದ ಕಾಗದಗಳ ನಡುವೆ ಇಟ್ಟು, ಮೇಲೊಂದು ತೆಳು ಬಟ್ಟೆ ಹೊದಿಸಿ, ಹಬೆಯಿಲ್ಲದೆ ಕಡಿಮೆ ಶಾಖದಲ್ಲಿ ಇಸ್ತ್ರಿ ಮಾಡಿದರೆ ಮೇಣದ ತೆಳುವಾದ ಪದರ ಎಲೆಗೆ ಅಂಟಿ ಅದನ್ನು ಕಾಪಾಡುತ್ತದೆ.

ಇಡೀ ಕೊಂಬೆಯೇ ಬೇಕೆನ್ನುವವರಿಗೆ ಗ್ಲಿಸರಿನ್ ವಿಧಾನವೇ ಉತ್ತಮ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿ ನೀರು ಬೆರೆಸಿ, ಕೊಂಬೆಯ ಬುಡವನ್ನು ಸ್ವಲ್ಪ ಜಜ್ಜಿ ಅಥವಾ ಸೀಳಿ, ಆ ದ್ರಾವಣದಲ್ಲಿ ನಿಲ್ಲಿಸಬೇಕು. ನೀರು ಆವಿಯಾಗಿ ಹೋದರೂ ಗ್ಲಿಸರಿನ್ ಎಲೆಯೊಳಗೇ ಉಳಿಯುವುದರಿಂದ ಎರಡು ಮೂರು ವಾರಗಳಲ್ಲಿ ಎಲೆಗಳು ತೊಗಲಿನಂತೆ ಬಾಗುವ, ಬೆರಳಿಗೆ ನುಣುಪಾಗಿ ಹತ್ತುವ ಗುಣವನ್ನು ಪಡೆಯುತ್ತವೆ. ಬಣ್ಣ ಮಾತ್ರ ಕಂಚು ಅಥವಾ ಗಾಢ ಕಂದಿಗೆ ತಿರುಗುತ್ತದೆ. ಇಲ್ಲಿ ಅನೇಕರು ಎಡವುವುದು ಕಾಲದ ವಿಷಯದಲ್ಲಿ. ಎಲೆ ಬಣ್ಣ ತಿರುಗುವ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಎಲೆ ಕಳಚಿಕೊಳ್ಳಲು ಒಂದು ಪದರ ಸಿದ್ಧವಾಗುತ್ತದೆ, ಕೊಂಬೆಯಿಂದ ಎಲೆಗೆ ನೀರು ಸಾಗುವ ದಾರಿ ಕ್ರಮೇಣ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ದಿನ ನಿಲ್ಲಿಸಿದರೂ ಎಲೆ ಗ್ಲಿಸರಿನ್ನನ್ನು ಕುಡಿಯುವುದಿಲ್ಲ. ಹೀಗಾಗಿ ಬಲಿತಿದ್ದರೂ ಇನ್ನೂ ಹಸಿರಾಗಿರುವ ಕೊಂಬೆಗಳನ್ನೇ ಇದಕ್ಕೆ ಆರಿಸಿಕೊಂಡು, ಕೆಂಪು, ಹಳದಿ ಎಲೆಗಳನ್ನು ಪುಸ್ತಕದ ಭಾರಕ್ಕೆ ಬಿಟ್ಟುಬಿಡಿ.

ಉದುರಿದ ಪೈನ್ ಕಾಯಿಗಳನ್ನು ತರುವವರಿಗೆ ಒಂದು ಮಾತು: ಅವುಗಳಲ್ಲಿ ಹುಳುಗಳು ಅಡಗಿರುವುದುಂಟು. ಕಡಿಮೆ ಶಾಖದ, ಅಂದರೆ ಸುಮಾರು 95 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಅರ್ಧದಿಂದ ಒಂದು ಗಂಟೆ, ಪಕ್ಕದಲ್ಲೇ ಇದ್ದು ಗಮನಿಸುತ್ತಾ ಬಿಸಿ ಮಾಡಿ. ಹುಳುಗಳ ಕಾಟ ತಪ್ಪುವುದಲ್ಲದೆ, ಒಣಗಿದಂತೆ ಬಿಚ್ಚಿಕೊಳ್ಳುವ ಸ್ವಭಾವದ ಆ ಕಾಯಿಗಳ ಮುಚ್ಚಿದ ಹುರುಪೆಗಳು ಅರಳುತ್ತವೆ.

ಪ್ರಶ್ನೆ: ಶರತ್ಕಾಲವೆಂದರೆ ಕಿತ್ತಳೆ ಬಣ್ಣವೆಂದುಕೊಂಡು ಬಟ್ಟೆ, ನ್ಯಾಪ್ಕಿನ್, ಮೇಣದಬತ್ತಿ ಎಲ್ಲವನ್ನೂ ಅದೇ ಬಣ್ಣದಲ್ಲಿ ತಂದೆ. ನೋಡಿದರೆ ಕಣ್ಣು ದಣಿಯುತ್ತದೆ. ತಪ್ಪೆಲ್ಲಿ?

ಉತ್ತರ: ಬಣ್ಣದಲ್ಲಿ ತಪ್ಪಿಲ್ಲ, ಅದು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿರುವುದು ತೊಡಕು. ಉದುರಿದ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನಾಳಗಳ ಬಳಿ ಇನ್ನೂ ಹಸಿರು ಉಳಿದಿರುತ್ತದೆ, ಅಂಚಿನಲ್ಲಿ ಕಂದು, ನಡುವೆ ಹಳದಿ, ಎಲ್ಲೋ ಒಂದು ಕಡೆ ಕೆಂಪಿನ ಕಲೆ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಕರಗುತ್ತಿದ್ದಂತೆ ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಮತ್ತು ಕಿತ್ತಳೆಯ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳು ಹೊರಗೆ ಕಾಣುತ್ತವೆ. ಕೆಂಪು ಮತ್ತು ನೇರಳೆಯ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹೆಚ್ಚಾಗಿ ಆ ಕಾಲದಲ್ಲೇ ಹೊಸದಾಗಿ ಹುಟ್ಟುತ್ತದೆ. ಈ ಬದಲಾವಣೆ ಎಲೆಯುದ್ದಕ್ಕೂ ಏಕಕಾಲದಲ್ಲಿ ಆಗದ ಕಾರಣ ಅಷ್ಟೊಂದು ಛಾಯೆಗಳು ಒಟ್ಟಿಗೆ ಇರುತ್ತವೆ. ಮೇಜಿಗೂ ಇದೇ ಪ್ರಮಾಣ ಒಪ್ಪುತ್ತದೆ. ಹಾಸುವ ಬಟ್ಟೆಯನ್ನು ಬಣ್ಣ ಹಾಕದ ನಾರಿನ ಬಟ್ಟೆಗೋ, ಮಾಸಲು ಬಿಳಿಗೋ ಬದಲಾಯಿಸಿ, ಅಥವಾ ಮರದ ಮೇಜು ಚೆನ್ನಾಗಿದ್ದರೆ ಬಟ್ಟೆಯನ್ನೇ ಬಿಟ್ಟುಬಿಡಿ. ನೀವು ತಂದ ಕಿತ್ತಳೆ ನ್ಯಾಪ್ಕಿನ್‌ಗಳು ಇರಲಿ, ಬತ್ತಿಗಳು ಮಾಸಲು ಬಿಳಿಯಾಗಲಿ, ಜೊತೆಗೆ ಬೂದು ಬೆರೆತ ಹಸಿರೆಲೆಗಳು ಸ್ವಲ್ಪ ಬರಲಿ. ಅದೇ ಕಿತ್ತಳೆ ಆಗ ಎದ್ದು ಕಾಣುವುದನ್ನು ನೀವೇ ನೋಡುವಿರಿ.

ಪ್ರಶ್ನೆ: ಒಣ ಎಲೆಗಳ ನಡುವೆ ಮೇಣದಬತ್ತಿ ಹಚ್ಚುವುದು ಸರಿಯೇ? ಸುವಾಸನೆಯ ಬತ್ತಿಗಳನ್ನು ಬಳಸಬಹುದೇ?

ಉತ್ತರ: ಒಣ ಎಲೆಗಳ ನಡುವೆ ತೆರೆದ ಜ್ವಾಲೆ ಬೇಡವೇ ಬೇಡ. ಉರಿಯುವ ಬತ್ತಿಗೂ ಬೆಂಕಿ ತಗಲಬಲ್ಲ ಯಾವುದೇ ವಸ್ತುವಿಗೂ ಕನಿಷ್ಠ 30 ಸೆಂಟಿಮೀಟರ್ ಅಂತರವಿರಬೇಕು, ಊಟದ ಮೇಜಿನ ನಡುಪಟ್ಟಿಯಲ್ಲಿ ಅಷ್ಟು ಅಂತರ ಸಿಗುವುದು ಕಷ್ಟ. ಕೈ ಚಾಚಿ ಪಾತ್ರೆ ದಾಟಿಸುವಾಗ ತೋಳಿನ ಬಟ್ಟೆ ಜ್ವಾಲೆಗೆ ತಾಗುವ ಅಪಾಯವೂ ಇದೆ. ಎಲೆಗಳ ನಡುವೆ ಮಿನುಗು ಬೇಕೆಂದರೆ ಬ್ಯಾಟರಿಯ ಪುಟ್ಟ ದೀಪಗಳನ್ನಿಡಿ. ನಿಜವಾದ ಬತ್ತಿಗಳನ್ನು ಕಿಟಕಿಯ ಪರದೆಯಿಂದ ದೂರ, ಎಲ್ಲರ ಕಣ್ಣಳತೆಯಲ್ಲಿರುವ ಪಕ್ಕದ ಮೇಜಿನ ಮೇಲೆ, ಅಗಲವಾದ ತಟ್ಟೆಯಲ್ಲಿ ನಿಲ್ಲಿಸಿ ಹಚ್ಚಿ. ಹಚ್ಚುವ ಮುನ್ನ ಬತ್ತಿಯ ಎಳೆಯನ್ನು 6 ಮಿಲಿಮೀಟರ್‌ಗೆ ಕತ್ತರಿಸಿದರೆ ಹೊಗೆ ಮತ್ತು ಮಸಿ ಕಡಿಮೆಯಾಗುತ್ತವೆ. ಸುವಾಸನೆಯ ಬತ್ತಿಯನ್ನು ಊಟದ ಕೋಣೆಯಲ್ಲಿ ಹಚ್ಚಬೇಡಿ. ಊಟದ ರುಚಿಯ ದೊಡ್ಡ ಪಾಲು ಮೂಗಿನಿಂದಲೇ ತಿಳಿಯುವುದರಿಂದ, ಗಂಟೆಗಟ್ಟಲೆ ಶ್ರಮಪಟ್ಟು ಮಾಡಿದ ಅಡುಗೆಯ ಪರಿಮಳಕ್ಕೆ ಅದು ಅಡ್ಡಬರುತ್ತದೆ.

ಪ್ರಶ್ನೆ: ಅಲಂಕಾರಕ್ಕಿಟ್ಟ ಕುಂಬಳಕಾಯಿಗಳನ್ನು ಮಾರನೆಯ ದಿನ ಅಡುಗೆಗೆ ಬಳಸಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ.

ಉತ್ತರ: ತಿನ್ನಲೆಂದೇ ಬೆಳೆದ, ಕತ್ತರಿಸದ, ಬಣ್ಣ ಬಳಿಯದ ಕುಂಬಳಕಾಯಿಯನ್ನು ಧಾರಾಳವಾಗಿ ಬಳಸಬಹುದು, ಒಣ, ತಂಪು ಜಾಗದಲ್ಲಿ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ತಿರುಳು ತೆಗೆದು ಹೂದಾನಿಯಾಗಿಸಿದ್ದು ಕೆಲವೇ ದಿನಗಳಲ್ಲಿ ಕೊಳೆಯುವುದರಿಂದ ಅದನ್ನು ಊಟದ ದಿನವೇ ಸಿದ್ಧಪಡಿಸಿ, ಒಳಗೊಂದು ಗಾಜಿನ ಲೋಟವಿಟ್ಟು ಅದರಲ್ಲಿ ನೀರು ತುಂಬಿ. ಆದರೆ ಅಲಂಕಾರಕ್ಕಾಗಿಯೇ ಮಾರುವ ಗಂಟುಗಂಟಾದ, ಪಟ್ಟೆಪಟ್ಟೆಯ ಪುಟ್ಟ ಕುಂಬಳ ಜಾತಿಯ ಕಾಯಿಗಳನ್ನು ಅಡುಗೆಗೆ ತರಬೇಡಿ. ಅವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಅತಿ ಕಹಿಯಾದ ವಿಷಪದಾರ್ಥ ಇರಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ.

ಮಕ್ಕಳ ಬಗ್ಗೆ ನೀವು ಹೇಳಿದ್ದು ಒಳ್ಳೆಯದಾಯಿತು. ಬಣ್ಣದ ಬೀಜ, ಹಣ್ಣಿನ ಗೊಂಚಲುಗಳು ಮೇಜಿಗೆ ಎಷ್ಟು ಒಪ್ಪಿದರೂ ಗುಲಗಂಜಿ, ಹರಳು ಬೀಜ, ಯೂ ಎಂಬ ಮರದ ಕೆಂಪು ಹಣ್ಣಿನೊಳಗಿನ ಬೀಜ, ಕಣಗಿಲೆಯ ಹೂವು ಮತ್ತು ಎಲೆ, ಇವೆಲ್ಲ ವಿಷಕಾರಿ. ಊಟದ ಮೇಜಿನ ಮೇಲೆ ಇಟ್ಟದ್ದನ್ನು ಮಗು ತಿನ್ನುವ ವಸ್ತುವೆಂದೇ ತಿಳಿಯುತ್ತದೆ, ಕೆಲವೊಮ್ಮೆ ದೊಡ್ಡವರೂ ಹಾಗೆಯೇ ತಿಳಿಯುತ್ತಾರೆ. ಹೆಸರು ಗೊತ್ತಿಲ್ಲದ ಯಾವ ಕಾಯಿಯನ್ನೂ ತಟ್ಟೆಯ ಹತ್ತಿರ ತರಬೇಡಿ.

ಪ್ರಶ್ನೆ: ಸೇಬುಗಳ ಬುಟ್ಟಿಯ ಪಕ್ಕದಲ್ಲಿ ಕಾರ್ನೇಷನ್ ಹೂಗಳನ್ನಿಟ್ಟಿದ್ದೆ. ಹೂಗಳು ಬೇಗನೆ ಬಾಡಿದವು. ನೀರಿನ ದೋಷವೇ?

ಉತ್ತರ: ಸೇಬುಗಳೇ ಕಾರಣವಿರಬೇಕು. ಮಾಗುವ ಸೇಬು ಎಥಿಲೀನ್ ಅನಿಲವನ್ನು ಹೊರಬಿಡುತ್ತದೆ, ಕಾರ್ನೇಷನ್ ಹೂವು ಅದಕ್ಕೆ ಬಹಳ ಬೇಗ ಬಾಡುತ್ತದೆ. ಹಣ್ಣಿನ ಜೊತೆಗೇ ಹೂವು ಬೇಕೆಂದರೆ ಸೇವಂತಿಗೆಯನ್ನು ಆರಿಸಿ. ಅದರ ಹೂವಿಗೆ ಈ ಅನಿಲದ ಬಾಧೆ ಕಡಿಮೆ, ಮೇಲಾಗಿ ರಾತ್ರಿಗಳು ದೀರ್ಘವಾದಾಗ ಅರಳುವ ಗಿಡವಾದ್ದರಿಂದ ಶರತ್ಕಾಲಕ್ಕೆ ಅದು ಸಹಜವಾಗಿಯೇ ಒದಗಿಬರುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು, ಕಾಂಡವನ್ನು ಓರೆಯಾಗಿ ಕತ್ತರಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ.

ಪ್ರಶ್ನೆ: ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂರುವಷ್ಟು ದೊಡ್ಡ ಮೇಜಿಲ್ಲ. ಅತಿಥಿಗಳೇ ಬಡಿಸಿಕೊಂಡು ಅಲ್ಲಲ್ಲಿ ಕುಳಿತು ಉಣ್ಣುತ್ತಾರೆ. ಅಂಥ ಮೇಜನ್ನು ಹೇಗೆ ಅಲಂಕರಿಸಬೇಕು?

ಉತ್ತರ: ನಿಮಗೆ ಎತ್ತರದ ಕಟ್ಟುಪಾಡಿಲ್ಲ, ಅದನ್ನು ಸಂತೋಷದಿಂದ ಬಳಸಿಕೊಳ್ಳಿ. ಮೇಜನ್ನು ಗೋಡೆಗೆ ತಾಗಿಸಿ, ಹಿಂಬದಿಯಲ್ಲಿ ಎತ್ತರದ ಕೊಂಬೆಗಳನ್ನೂ ಹೂಗಳನ್ನೂ ನಿಲ್ಲಿಸಿ, ಮುಂಭಾಗವನ್ನು ಪೂರ್ತಿಯಾಗಿ ಪಾತ್ರೆಗಳಿಗೆ ಬಿಡಿ. ತಟ್ಟೆಗಳು ಸಾಲಿನ ಆರಂಭದಲ್ಲಿರಲಿ. ಚಮಚ ಮತ್ತು ನ್ಯಾಪ್ಕಿನ್ ಕೊನೆಯಲ್ಲಿರಲಿ, ಇಲ್ಲವಾದರೆ ಬಡಿಸಿಕೊಳ್ಳುವಾಗ ಅವುಗಳನ್ನು ಹಿಡಿಯಲು ಇನ್ನೊಂದು ಕೈ ಬೇಕಾಗುತ್ತದೆ. ಪಾನೀಯಗಳನ್ನು ಬೇರೆ ಕಡೆ ಇಟ್ಟರೆ ನೂಕುನುಗ್ಗಲು ತಪ್ಪುತ್ತದೆ.

ಪ್ರಶ್ನೆ: ಮೇಜಿನ ಬಟ್ಟೆಯ ಮೇಲೆ ಮೇಣ ಬಿದ್ದು ಗಟ್ಟಿಯಾಗಿದೆ. ಹೇಗೆ ತೆಗೆಯಲಿ?

ಉತ್ತರ: ಮೊದಲು ಮಂಜುಗಡ್ಡೆ ಒತ್ತಿ ಮೇಣ ಪೆಡಸಾಗುವಂತೆ ಮಾಡಿ, ಮೊಂಡಾದ ಅಲಗಿನಿಂದ ಕೆರೆದು ತೆಗೆಯಿರಿ. ಉಳಿದ ಕಲೆಯ ಕೆಳಗೂ ಮೇಲೂ ಅಚ್ಚಿಲ್ಲದ ಕಾಗದವಿಟ್ಟು ಹದವಾದ ಶಾಖದಲ್ಲಿ ಇಸ್ತ್ರಿ ಹಿಡಿದರೆ ಕರಗಿದ ಮೇಣವನ್ನು ಕಾಗದ ಹೀರಿಕೊಳ್ಳುತ್ತದೆ. ಕಾಗದ ಜಿಡ್ಡಾದಂತೆಲ್ಲ ಹೊಸದನ್ನು ಹಾಕುತ್ತಾ ಹೋಗಿ. ಬಣ್ಣದ ಮೇಣವಾಗಿದ್ದರೆ ಬಣ್ಣದ ಛಾಯೆ ಉಳಿಯಬಹುದು, ಅದನ್ನು ಒಗೆಯುವ ಮುನ್ನ ಸೋಪಿನ ಪುಡಿಯ ನೀರಿನಲ್ಲಿ ನೆನೆಸಿಡಿ. ಬಿಸಿ ನೀರನ್ನು ಮಾತ್ರ ಆರಂಭದಲ್ಲೇ ಸುರಿಯಬೇಡಿ, ಮೇಣ ಕರಗಿ ನೂಲಿನ ಒಳಗೆ ಇನ್ನಷ್ಟು ಇಳಿಯುತ್ತದೆ.