ತರಬೇತಿಯ ಖರ್ಚನ್ನು ತೋಟದ ಮಾಲೀಕರಲ್ಲಿ ಕೇಳುವುದು ಹೇಗೆ?

ಕೊಡಗಿನ ಕಾಫಿ ತೋಟದ ಮೇಲ್ವಿಚಾರಕರಾದ ನೀವು ಕಾಫಿಯ ಗುಣಮಟ್ಟ ಕಾಯುವುದನ್ನು ಕಲಿಸುವ ತರಬೇತಿಗೆ ನೆರವು ಕೇಳಬೇಕೆಂದಿದ್ದೀರಿ. ತೋಟದ ಯಾವ ನಷ್ಟ ಅದರಿಂದ ನಿಲ್ಲುತ್ತದೆ ಎಂಬಲ್ಲಿಂದಲೇ ಮಾತು ತೆಗೆಯಿರಿ. ಮಾಲೀಕರಿಗೆ ಶುಲ್ಕ ಇಂದೇ ಕಾಣುತ್ತದೆ, ಲಾಭ ಕಾಣುವುದಿಲ್ಲ. ಕಲಿತವರು ಬೇರೆಡೆ ಹೋದಾರು ಎಂಬ ಅಳುಕೂ ಇರುತ್ತದೆ. ಆದ್ದರಿಂದ ಕಣದಲ್ಲಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಒಂದು ಹಿಡಿ ರೊಬಸ್ಟಾ ಚೆರಿಯನ್ನು (ಸಿಪ್ಪೆಸಹಿತ ಒಣಗಿಸುವ ಕಾಫಿ ಹಣ್ಣನ್ನು), ಅದಕ್ಕೆ ಬೆಲೆ ಕಡಿತವಾದ ಚೀಟಿಯನ್ನು ಅವರ ಮುಂದಿಡಿ. ಇದಕ್ಕಿಂತ ಗಟ್ಟಿಯಾದ ವಾದ ನನಗೆ ಕಂಡಿಲ್ಲ. ಮರಳಿ ಬಂದು ಕಣದ ಆಳುಗಳಿಗೂ ಕಲಿಸುತ್ತೇನೆ ಎಂದು ಮಾತು ಕೊಡಿ. ಅರ್ಜಿಯಲ್ಲಿ ಶುಲ್ಕ, ದಿನಗಳು, ಆ ದಿನಗಳಲ್ಲಿ ನಿಮ್ಮ ಕೆಲಸ ನೋಡುವವರು ಯಾರು ಎಂಬುದಿರಲಿ. ಪೂರ್ತಿ ಹಣ ಸಿಗದಿದ್ದರೆ ಸಂಬಳಸಹಿತ ರಜೆಯನ್ನಾದರೂ ಕೇಳಿ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರ ಬೇಡ. ಫಸಲಿನ ಲೆಕ್ಕ ಚುಕ್ತಾ ಆದ ವಾರ ಮಾಲೀಕರ ಬಳಿ ಹೋಗಿ.