ಕಲ್ಲು ಒಡೆಯದೆ ಒಳಗಿನ ಹುಳದ ಜಾಡು ಎಕ್ಸ್‌ರೇಯಲ್ಲಿ ಕಾಣುತ್ತದಾ?

ಬಾದಾಮಿ ಗುಡ್ಡದ ಕಲ್ಲಲ್ಲಿ ಹುಳ ಹರಿದಂಥ ಗೆರೆ ಕಂಡಿತು, ಒಳಗೂ ಬಿಲ ಇದೆಯಾ ಎಂದು ಕೇಳಿದ್ದೀರಿ.

ಎಕ್ಸ್‌ರೇಯಲ್ಲಿ ನೋಡಬಹುದು, ಆದರೆ ಆಸ್ಪತ್ರೆಯ ಒಂದೇ ಫಿಲ್ಮ್ ಸಾಲದು. ಮೈಕ್ರೋ-ಸಿಟಿ, ಅಂದರೆ ತೀರಾ ಸಣ್ಣ ವಿವರವನ್ನೂ ತೋರಿಸುವ ಸಿಟಿ ಸ್ಕ್ಯಾನ್ ಬೇಕು. ಅಂಗೈಯಷ್ಟು ಕಲ್ಲನ್ನು ನಿಧಾನಕ್ಕೆ ತಿರುಗಿಸುತ್ತಾ ನೂರಾರು, ಸಾವಿರಾರು ಚಿತ್ರ ತೆಗೆಯುತ್ತಾರೆ. ಕಂಪ್ಯೂಟರ್ ಅವನ್ನೆಲ್ಲ ಜೋಡಿಸಿ ಕಲ್ಲಿನ ಒಳಗನ್ನು ಮೂರು ಆಯಾಮದಲ್ಲಿ ತೋರಿಸುತ್ತದೆ.

ತೊಡಕು ಇರುವುದು ಸಾಂದ್ರತೆಯಲ್ಲಿ. ಬಿಲದೊಳಗೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಅಥವಾ ಕಬ್ಬಿಣದ ಆಕ್ಸೈಡ್ ತುಂಬಿದ್ದರೆ ಫಳಫಳ ಕಾಣುತ್ತದೆ. ಸುತ್ತಲಿನ ಕೆಸರೇ ತುಂಬಿದ್ದರೆ ಏನೂ ಕಾಣುವುದಿಲ್ಲ, ದುಡ್ಡು ಸುಮ್ನೆ ಹೋಯಿತು!

ಬ್ರೆಜಿಲ್‌ನ ಕೊರುಂಬಾದಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು. ಅಲ್ಲಿನ ಸುಮಾರು 54–55 ಕೋಟಿ ವರ್ಷ ಹಳೆಯ ಕಲ್ಲಲ್ಲಿ 50ರಿಂದ 600 ಮೈಕ್ರೋಮೀಟರ್ ಅಗಲದ ಬಿಲಗಳು ಸಿಕ್ಕವು. ಸಣ್ಣವು ನಮ್ಮ ಕೂದಲಿನಷ್ಟೇ ದಪ್ಪ. ಕೊರೆದ ಪ್ರಾಣಿಯ ಮೈ ಸಿಕ್ಕಿಲ್ಲ, ಜಾಡಷ್ಟೇ. ಆದರೂ ನೆಮಟೋಡ್‌ನಂಥ (ದುಂಡುಹುಳದಂಥ) ಹುಳ ಇದ್ದಿರಬೇಕು ಎಂದು ಸಂಶೋಧಕರು 2017ರಲ್ಲಿ ವಾದಿಸಿದರು.

ನಿಮ್ಮ ಗೆರೆ ಬಗ್ಗೆ ನನಗೆ ಅನುಮಾನವೇ ಜಾಸ್ತಿ. ಬಾಗಲಕೋಟೆ ಸುತ್ತಲಿನ ಕಲಾದಗಿ ಕಲ್ಲುಗಳು ಬಹುಪಾಲು ಪ್ರಾಣಿಗಳು ಹುಟ್ಟುವ ಮುಂಚಿನವು. ಅವುಗಳಲ್ಲಿ ಸಿಗುವುದು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು, ಅಂದರೆ ಸ್ಟ್ರೊಮಾಟೊಲೈಟ್. ಬೇಸಿಗೆಯಲ್ಲಿ ಎರೆ ಹೊಲ ಬಿರಿಯುತ್ತದೆ ಅಲ್ವಾ? ಹಾಗೆ ಬಿರಿದ ಕೆಸರಿನ ಬಿರುಕು ಕಲ್ಲಾದರೆ ಥೇಟ್ ಹುಳದ ಜಾಡಿನಂತೆಯೇ ಕಾಣುತ್ತದೆ. ಗೆರೆಯ ತುದಿ ಚೂಪಾಗಿದ್ದರೆ ಬಿರುಕೇ ಇರಬಹುದು. ಉದ್ದಕ್ಕೂ ಒಂದೇ ಅಗಲವಿದ್ದು, ಡೊಂಕಾಗಿ ಸಾಗಿದ್ದರೆ ಫೋಟೋ ಹಾಕಿ, ನೋಡೋಣ.